ಮುಷ್ಟಿ ಬಿಡಿಸುವ ಅನಸವ್ವ

ಬನಹಟ್ಟಿಯಲ್ಲಿ ಬೆಳಗಿನ ಆರು ಗಂಟೆ. ಓಣಿಯ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ಪೇಟೆಯ ಹಿಂದಿನ ಸಣ್ಣ ಆಸ್ಪತ್ರೆಯ ಹಿತ್ತಲಲ್ಲಿ ಮಾತ್ರ ಒಲೆ ಉರಿಯುತ್ತಿದೆ. ಹಂಡೆಯಿಂದ ಎದ್ದ ಹಬೆ ಬೇವಿನ ಮರದ ಕೆಳಗಿನ ಕೊಂಬೆಗಳಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿದೆ. ಗೋಡೆಗೆ ಒರಗಿಸಿದ ಉದ್ದನೆಯ ಬೆಂಚಿನ ಮೇಲೆ ಹನ್ನೆರಡು ಮಂದಿ ಸಾಲಾಗಿ ಕುಳಿತಿದ್ದಾರೆ. ಪ್ರತಿಯೊಬ್ಬರ ತೊಡೆಯ ಮೇಲೆ ಒಂದು ಬೋಗುಣಿ, ಬೋಗುಣಿಯಲ್ಲಿ ಒಂದು ಕೈ. ದೂರದಿಂದ ನೋಡಿದವರಿಗೆ ಇವರೆಲ್ಲ ಯಾವುದೋ ವ್ರತ ಹಿಡಿದು ಕೂತಂತೆ ಕಾಣಬೇಕು.

ಬಿಸಿನೀರಿನ ತಂಬಿಗೆ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯುವವರು ಅನಸವ್ವ. ವಯಸ್ಸು ನಲವತ್ತನಾಲ್ಕು. ನೀರಿನ ಹದ ನೋಡಲು ಅವರು ಎಡಗೈ ಅದ್ದುತ್ತಾರೆಯೇ ಹೊರತು ಬಲಗೈ ಅಲ್ಲ. ಬಲ ಅಂಗೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಅಲ್ಲಿರುವ ಚರ್ಮ ತೊಡೆಯಿಂದ ತೆಗೆದು ಹಚ್ಚಿದ್ದು. "ನನ್ನ ಅಂಗೈ ಅರ್ಧ ತೊಡಿ ಐತ್ರಿ. ಅದಕ್ಕೇನ ಗೊತ್ತಾಗತೈತಿ ಬಿಸಿ ತಂಪು" ಎಂದು ನಗುತ್ತಾರೆ.

ಬೆಂಚಿನ ಕೊನೆಗೆ ಕಂಬಳಿ ಹೊದ್ದು ಕುಳಿತ ಹಿರಿಯರ ಮುಂದೆ ಅವರ ಕಾಲು ನಿಲ್ಲುತ್ತದೆ. ಚಿಮ್ಮಡದ ಬೀರೇಶ್ವರ ಗುಡಿಯ ಪೂಜಾರಿ ಸಾಬಣ್ಣ ಅವರು, ಅನಸವ್ವನ ಅಪ್ಪನ ತಮ್ಮ.

"ಕಾಕಾ, ಕೈ ಪೂರ್ತಿ ಮುಳುಗಿಸು ಅಂದ್ರ ಮೀನ ಹಿಡಿಯಾಂವನಂಗ ಕುಂತೀಯಲ್ಲ."

"ನೀರು ಕುದಿಯಾಕತ್ತೈತಿ ಬೇ. ನನ್ನ ಕೈ ಏನ ಆಲೂಗಡ್ಡಿ ಮಾಡೀಯೇನ?"

"ಆಲೂಗಡ್ಡಿ ಆಗಿದ್ರ ಇಷ್ಟೊತ್ತಿಗೆ ಮೆತ್ತಗ ಆಗತಿತ್ತು. ಇದು ಸಾಬಣ್ಣನ ಕೈ ಐತಿ, ಇದಕ್ಕ ಇನ್ನೂ ಒಂದು ಹಂಡೆ ನೀರು ಬೇಕು."

ಬೆಂಚು ಇಡೀ ನಗುತ್ತದೆ. ಪಕ್ಕದಲ್ಲಿ ಕುಳಿತ ರಬಕವಿಯ ರುಕ್ಮವ್ವ ನಗುವ ಭರದಲ್ಲಿ ತಮ್ಮ ಬೋಗುಣಿಯನ್ನೇ ಚೆಲ್ಲಿಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವರ ಹೆಬ್ಬೆರಳು ಮಡಚಿದಲ್ಲೇ ಕೀಲಿ ಹಾಕಿಕೊಂಡುಬಿಟ್ಟಿತ್ತು. ಈಗ ಅದು ಮೇಲೆದ್ದು ಆಡುತ್ತಿದೆ. ಆದರೂ ಅವರು ಬರುವುದನ್ನು ಬಿಟ್ಟಿಲ್ಲ. ಇಲ್ಲಿನ ಮಾತು ಮನೆಯಲ್ಲಿ ಸಿಗುವುದಿಲ್ಲವಂತೆ.

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅನಸವ್ವ ಬರೀ ಆಯಾ. ನೆಲ ಒರೆಸುವುದು, ಹಾಸಿಗೆ ಬದಲಿಸುವುದು, ರೋಗಿಗಳನ್ನು ಮಂಚದಿಂದ ಎಬ್ಬಿಸುವುದು, ಇವು ಅವರ ಕೆಲಸ. ಅದೆಲ್ಲ ಎಂಟು ಗಂಟೆಗೆ ಶುರು. ಆರರಿಂದ ಎಂಟರವರೆಗಿನ ಈ ಹಿತ್ತಲಿನ ಕೆಲಸವನ್ನು ಯಾರೂ ಅವರಿಗೆ ಹೇಳಿದ್ದಲ್ಲ, ಹದಿನಾಲ್ಕು ವರ್ಷಗಳಲ್ಲಿ ಯಾರೂ ಬೇಡವೆಂದದ್ದೂ ಇಲ್ಲ. ಮಿರಜದಿಂದ ಎರಡು ವಾರಕ್ಕೊಂದು ಶನಿವಾರ ಬರುವ ಕೈ ತಜ್ಞ ಡಾ. ಸೋಮಲಿಂಗ ಅವರು ಮಡಚಿದ ಬೆರಳುಗಳನ್ನು ಕೊಯ್ದು ಬಿಡಿಸಿ, ಹೊಲಿಗೆ ಹಾಕಿ, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಆ ಕೈ ಅನಸವ್ವನ ಪಾಲಿಗೆ ಬರುತ್ತದೆ.

"ನಂದು ಒಂದು ತಾಸಿನ ಕೆಲಸರಿ" ಎನ್ನುತ್ತಾರೆ ವೈದ್ಯರು. "ಮುಂದಿನ ಮೂರು ತಿಂಗಳು ಆಕೀದು. ಕೊಯ್ದ ಬೆರಳು ಬಿಟ್ರ ಮತ್ತ ತನ್ನ ಹಳೇ ಜಾಗಕ್ಕ ಹೋಗಿ ಮಲಗತೈತಿ. ಅದನ್ನ ಮಲಗಾಕ ಬಿಡದಂಗ ಕಾಯಾವ್ರು ಬೇಕಲ್ರಿ."

ಕಾಯುವುದು ಅನಸವ್ವನಿಗೆ ಹುಟ್ಟಿನಿಂದ ಬಂದದ್ದು. ಕುರಿ ಕಾಯುವವರ ಮನೆಯ ಮಗಳು. ಗುಂಪಿನಲ್ಲಿ ಯಾವ ಕುರಿ ಕುಂಟುತ್ತಿದೆ ಎಂದು ಬೆನ್ನು ನೋಡಿಯೇ ಹೇಳುತ್ತಿದ್ದ ಅಪ್ಪನಂತೆ, ಹನ್ನೆರಡು ಕೈಗಳಲ್ಲಿ ಯಾವ ಬೆರಳು ಮೈಗಳ್ಳತನ ಮಾಡುತ್ತಿದೆ ಎಂದು ಇವರಿಗೆ ನೋಡಿದೊಡನೆ ಗೊತ್ತಾಗುತ್ತದೆ. ಅದಕ್ಕೊಂದು ಅಳತೆಯನ್ನೂ ಅವರೇ ಕಂಡುಕೊಂಡಿದ್ದಾರೆ. ತಟ್ಟೆಯಲ್ಲಿ ಅರಿಶಿನದ ನೀರು ಕಲಸಿ, ಅಂಗೈ ಅದ್ದಿಸಿ, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಒತ್ತಿಸುತ್ತಾರೆ. ಎಲ್ಲಿ ಹಳದಿ ಮೂಡುವುದಿಲ್ಲವೋ ಅಲ್ಲಿ ಬೆರಳು ಇನ್ನೂ ಪೂರ್ತಿ ಬಿಚ್ಚದೆ ಹಾಳೆಯಿಂದ ಮೇಲಿದೆ ಎಂದರ್ಥ. ಪ್ರತಿಯೊಬ್ಬರದೂ ವಾರಕ್ಕೊಂದು ಅಚ್ಚು. ಆಸ್ಪತ್ರೆಯ ಉಗ್ರಾಣದಲ್ಲಿರುವ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಇಂಥ ಆರುನೂರಕ್ಕೂ ಹೆಚ್ಚು ಮಂದಿಯ ಕೈಗಳಿವೆ. ಮುಧೋಳದ ಗಾಣದವರದು, ಬೀಳಗಿಯ ಕಲ್ಲು ಒಡೆಯುವವರದು, ಜಮಖಂಡಿಯ ಬಡಿಗರದು. ಅನಸವ್ವನಿಗೆ ಓದು ಬಾರದು. ಅಚ್ಚು ನೋಡಿಯೇ ಇಂಥವರ ಕೈ ಎಂದು ಹೇಳಬಲ್ಲರು.

ಸಾಬಣ್ಣ ಅವರ ಕೈ ಈ ಹಿತ್ತಲಿಗೆ ಬಂದದ್ದು ಈ ಸಲದ ಶ್ರಾವಣದಲ್ಲಿ, 2012ರಲ್ಲಿ. ಎರಡು ವರ್ಷದ ಹಿಂದೆ ಬಲ ಅಂಗೈಯಲ್ಲಿ ತೊಗರಿಕಾಳಿನಷ್ಟು ಒಂದು ಗಂಟು ಕಾಣಿಸಿತ್ತು. ನೋವಿಲ್ಲ, ಉರಿಯಿಲ್ಲ. ಆಮೇಲೆ ಚರ್ಮದಡಿ ಹಗ್ಗದಂಥದ್ದೊಂದು ಬಿಗಿಯುತ್ತ ಹೋಗಿ, ಕಿರುಬೆರಳು ಮತ್ತು ಉಂಗುರದ ಬೆರಳನ್ನು ಮೆಲ್ಲಗೆ ಅಂಗೈಗೆ ಎಳೆದು ಮಲಗಿಸಿತು. ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯ ಹಿಡಿಯೊಳಗೆ ಬೆರಳು ಹೋಗದಾಯಿತು. ಊರಲ್ಲಿ ಎಲ್ಲರೂ "ನಿಮ್ಮ ಅನಸಿ ಅಲ್ಲೇ ಅದಾಳಲ್ಲೋ, ತೋರಿಸಬಾರದೇನ" ಎಂದರೂ ಅವರು ಎರಡು ವರ್ಷ ಕೈಯನ್ನು ಕಂಬಳಿಯೊಳಗೆ ಇಟ್ಟುಕೊಂಡೇ ತಿರುಗಿದರು. ಕೊನೆಗೊಂದು ದಿನ ಬಸ್ಸಿನಿಂದ ಇಳಿದು, ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಕೈ ಹೊರತೆಗೆದು, "ಇದನ್ನಷ್ಟು ನೋಡು" ಎಂದರು.

ಆ ಎರಡು ವರ್ಷದ ಹಿಂಜರಿಕೆಯ ಕಾರಣ ಅನಸವ್ವನಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

1975ರ ಸುಗ್ಗಿ. ಮುಧೋಳದ ಕಡೆಯ ಹೊಲವೊಂದರಲ್ಲಿ ಕುರಿಮಂದೆ ತಂಗಿಸಿದ್ದರು. ಅಪ್ಪ ಕುರಿಯ ಹಿಂದೆ, ಅವ್ವ ಪಕ್ಕದ ಬೆಲ್ಲದ ಗಾಣದಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುರುಕುವ ಕೆಲಸಕ್ಕೆ. ಏಳು ವರ್ಷದ ಅನಸಿ ಕೊಪ್ಪರಿಗೆಯ ಸುತ್ತ ಬೆಲ್ಲದ ಪರಿಮಳಕ್ಕೆ ಸೋತ ಜೇನಿನಂತೆ ಸುಳಿಯುತ್ತಿದ್ದಳು. ಪಾಕ ಸುರಿಯುವ ಹೊತ್ತಿನಲ್ಲಿ ಕಬ್ಬಿನ ತುಂಡೊಂದನ್ನು ಅದ್ದಿಕೊಳ್ಳಲು ಬಗ್ಗಿದಳು, ಕಾಲು ಜಾರಿತು, ಬಲಗೈ ಮಣಿಕಟ್ಟಿನವರೆಗೆ ಪಾಕದೊಳಗೆ ಇಳಿಯಿತು.

ಓಡಿ ಬಂದವರು ಕಾಕಾ ಸಾಬಣ್ಣ. ಆಗಿನ್ನೂ ಇಪ್ಪತ್ತೊಂಬತ್ತರ ಪೂಜಾರಿ, ಸೊಂಟದ ಚೀಲದಲ್ಲಿ ಸದಾ ಬೀರೇಶ್ವರನ ಭಂಡಾರ. ಹುಡುಗಿಯ ಸುಟ್ಟ ಅಂಗೈ ತುಂಬ ಆ ಅರಿಶಿನದ ಪುಡಿ ತುಂಬಿ, ಒಂದು ಕಣವೂ ಚೆಲ್ಲದಂತೆ ಐದೂ ಬೆರಳು ಮಡಚಿ, ತಲೆಯ ರುಮಾಲು ಹರಿದು ಮುಷ್ಟಿಯ ಸುತ್ತ ಕಟ್ಟಿದರು. ಐದು ವಾರ ಬಿಚ್ಚಕೂಡದು ಎಂದರು. ದೇವರ ಭಂಡಾರ ನೆಲಕ್ಕೆ ಬೀಳಬಾರದು, ಬಿದ್ದರೆ ಅಪಚಾರ. ಅಷ್ಟೊಂದು ಅಕ್ಕರೆಯಿಂದ, ಅಷ್ಟೊಂದು ನಂಬಿಕೆಯಿಂದ ಕಟ್ಟಿದ ಕಟ್ಟು ಅದು. ಐದು ವಾರದ ಮೇಲೆ ಬಟ್ಟೆ ಬಿಚ್ಚಿದರೆ ಗಾಯ ಮಾಯ್ದಿತ್ತು. ಬೆರಳುಗಳೂ ಅಂಗೈಯೊಂದಿಗೆ ಕೂಡಿಕೊಂಡು ಮಾಯ್ದಿದ್ದವು. ಕೈ ಉಳಿಯಿತಲ್ಲ ಎಂದು ಎಲ್ಲರೂ ದೇವರಿಗೆ ಕೈಮುಗಿದರು. ಮುಗಿಯಲು ಬಾರದವಳು ಅನಸಿ ಒಬ್ಬಳೇ.

ಅನಸವ್ವ ಆ ಮುಷ್ಟಿಯ ಜೊತೆಗೇ ಬೆಳೆದರು. ಎಡಗೈಯಲ್ಲಿ ಉಂಡರು, ಎಡಗೈಯಲ್ಲಿ ಕಸ ಹೊಡೆದರು, ಮುಷ್ಟಿಯ ಸಂದಿಗೆ ಕೊಡದ ಕಂಠ ಸಿಕ್ಕಿಸಿ ನೀರು ಹೊತ್ತರು. ಆಗದೇ ಇದ್ದದ್ದು ರೊಟ್ಟಿ ಬಡಿಯುವುದು. ಜೋಳದ ರೊಟ್ಟಿಗೆ ಬಿಚ್ಚಿದ ಅಂಗೈ ಬೇಕು. ರೊಟ್ಟಿ ಬಡಿಯಲು ಬಾರದ ಹೆಣ್ಣನ್ನು ಯಾರು ಮಾಡಿಕೊಳ್ಳುತ್ತಾರೆಂದು ಮನೆಮಂದಿ ಚಿಂತೆ ಮಾಡುತ್ತಿದ್ದಾಗ ರಬಕವಿಯ ಮಗ್ಗದ ಕೆಲಸಗಾರ ರೇವಪ್ಪ ನೋಡಲು ಬಂದು, "ರೊಟ್ಟಿ ನಾ ಬಡಿತೇನಿ, ಆಕಿ ನನ್ನ ಕೂಡ ಮಾತಾಡಿದ್ರ ಸಾಕು" ಎಂದರಂತೆ. ಇವತ್ತಿಗೂ ಆ ಮನೆಯಲ್ಲಿ ಬೆಳಗಿನ ರೊಟ್ಟಿಯ ಸದ್ದು ರೇವಪ್ಪನವರ ಕೈಯದೇ. "ಈಗ ಆಕೀಗೂ ಬರತೈತ್ರಿ" ಎಂದು ಅವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ, "ಆದ್ರ ಆಕಿ ರೊಟ್ಟಿ ಸ್ವಲ್ಪ ಬೀಳಗಿ ತಾಲೂಕಿನ ನಕಾಶೆ ಕಂಡಂಗ ಕಾಣತಾವ."

ಕೈ ಬಿಚ್ಚಿದ್ದು 1998ರಲ್ಲಿ, ಜಮಖಂಡಿಯಲ್ಲಿ ನಡೆದ ಒಂದು ಶಸ್ತ್ರಚಿಕಿತ್ಸಾ ಶಿಬಿರದಲ್ಲಿ. ಆಗ ಕರಿಗೂದಲಿನ ತರುಣರಾಗಿದ್ದ ಡಾ. ಸೋಮಲಿಂಗ ಅವರು ಬೆರಳು ಒಂದೊಂದನ್ನೇ ಅಂಗೈಯಿಂದ ಬಿಡಿಸಿ, ತೊಡೆಯ ಚರ್ಮ ಹಚ್ಚಿದರು. ಆಮೇಲಿನ ಮೂರು ತಿಂಗಳು ಹಲಗೆ ಕಟ್ಟಿಕೊಂಡು, ದಿನಕ್ಕೆ ಐದು ಸಲ ಬೆರಳು ಎಳೆಯಿಸಿಕೊಂಡು, ಅತ್ತು, ಬೈದು, ಮತ್ತೆ ಎಳೆಯಿಸಿಕೊಂಡು ಅನಸವ್ವ ಕೈ ಗೆದ್ದರು. ವಾರ್ಡಿನಲ್ಲಿ ಉಳಿದವರು ನೋವೆಂದು ಕೈ ಮಡಚಿಕೊಂಡರೆ ಇವರೇ ಹೋಗಿ ಗದರಿಸಿ ಬಿಡಿಸುತ್ತಿದ್ದರು. ಅದನ್ನು ನೋಡಿದ ವೈದ್ಯರು, ತಾವು ಬನಹಟ್ಟಿಗೆ ಬರತೊಡಗಿದಾಗ ಆಯಾ ಕೆಲಸಕ್ಕೆ ಇವರ ಹೆಸರನ್ನೇ ಹೇಳಿದರು. ಮುಂದೆ ಕೃಷ್ಣೆಯ ನೀರು ಹೊಲಹೊಲಕ್ಕೆ ಏರಿದಂತೆ ಕಬ್ಬು ಹೆಚ್ಚಿತು, ಗಾಣ ಹೆಚ್ಚಿದವು, ಸುಟ್ಟ ಕೈಗಳೂ ಹೆಚ್ಚಿದವು. ಅವುಗಳಲ್ಲಿ ಎಷ್ಟೋ ಕೈಗಳು ಭಂಡಾರ ತುಂಬಿ ಕಟ್ಟಿದ ಮುಷ್ಟಿಗಳೇ ಆಗಿದ್ದವು. ಅನಸವ್ವ ಒಂದೊಂದನ್ನೂ ಬಿಡಿಸಿದರು, ಯಾರು ಕಟ್ಟಿದ್ದೆಂದು ಕೇಳಲಿಲ್ಲ.

ಈಗ ಆ ಕಾಕಾನ ಕೈಯೇ ಅವರ ಕೈಯಲ್ಲಿ. ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಹಗ್ಗದಂಥ ಆ ಬಿಗಿ ತೆಗೆದ ಮೇಲೆ ಎರಡೂ ಬೆರಳು ನೆಟ್ಟಗೆ ನಿಂತವು. ಮೂರನೆಯ ವಾರದ ಅಚ್ಚಿನಲ್ಲಿ ಐದು ಬೆರಳೂ ಹೆಚ್ಚುಕಡಿಮೆ ಮೂಡಿದವು. ಆದರೆ ನಾಲ್ಕನೆಯ ವಾರ ಕಿರುಬೆರಳಿನ ತುದಿ ಕಾಣೆಯಾಯಿತು. ಐದನೆಯ ವಾರ ಅರ್ಧ ಬೆರಳೇ ಇಲ್ಲ. ಡಾ. ಸೋಮಲಿಂಗ ಹಾಳೆಯನ್ನು ಬೆಳಕಿಗೆ ಹಿಡಿದು, ಇನ್ನೊಂದು ತಿಂಗಳು ನೋಡೋಣ ಎಂದರು. ಮತ್ತೆ ಕೊಯ್ಯುವುದಾದರೆ ಅರವತ್ತಾರರ ಈ ಕೈ ಮೊದಲಿನಷ್ಟು ಬಿಚ್ಚುವ ಭರವಸೆ ಇಲ್ಲ ಎಂದೂ ಹೇಳಿದರು.

"ಬೆಳಿಗ್ಗೆ ನನ್ನ ಮುಂದ ನೆಟ್ಟಗ ಇರತೈತಿ. ಮರುದಿನ ಬರೂದ್ರಾಗ ಮತ್ತ ಮಡಚಿರತೈತಿ. ಎಲ್ಲಿ ಹೋಗತೈತಿ ಇದು ಹಗಲೆಲ್ಲಾ ಅಂತ ನನಗೂ ಹಟಾ ಬಂತರಿ" ಎಂದು ಅನಸವ್ವ ನೆನಪಿಸಿಕೊಳ್ಳುತ್ತಾರೆ. ರಜೆಯ ಭಾನುವಾರ ಅವರು ಯಾರಿಗೂ ಹೇಳದೆ ಆಟೋ ಹತ್ತಿ ಚಿಮ್ಮಡಕ್ಕೆ ಹೋದರು.

ಗುಡಿಯ ಕಟ್ಟೆಯ ಮೇಲೆ ಸಾಬಣ್ಣ ಕುಳಿತಿದ್ದರು, ಮುಂದೆ ಭಕ್ತರ ಸಾಲು. ಬೆರಳು ಮಡಚದಂತೆ ಕಟ್ಟಿಕೊಳ್ಳಬೇಕಾದ ಪಟ್ಟಿ ಪಕ್ಕದ ಗೂಡಿನಲ್ಲಿ ದೀಪದ ಎಣ್ಣೆಯ ಜೊತೆಗಿತ್ತು. ಆ ಮನೆತನದ ಪೂಜಾರಿಗಳು ಭಂಡಾರ ಕೊಡುವ ರೀತಿಯೇ ಬೇರೆ. ಚೀಲದಿಂದ ಮುಷ್ಟಿ ತುಂಬ ತೆಗೆದು, ಹರಕೆಯ ಮಾತು ಮುಗಿಯುವವರೆಗೆ ಬಿಗಿ ಹಿಡಿದು, ಆಮೇಲೆ ಮುಷ್ಟಿಯ ಬುಡದಿಂದ ಸಣ್ಣ ಧಾರೆಯಾಗಿ ಭಕ್ತರ ಸೆರಗಿಗೆ ಸುರಿಯುತ್ತಾರೆ. ಅಂಗೈ ಬಿಚ್ಚುವ ಪ್ರಶ್ನೆಯೇ ಇಲ್ಲ. ಭಾನುವಾರ ಇನ್ನೂರು ಮಂದಿ, ಇನ್ನೂರು ಸಲ ಬಿಗಿದ ಮುಷ್ಟಿ. ಅನಸವ್ವ ಬೆಳಿಗ್ಗೆ ಬಿಡಿಸಿದ ಬೆರಳನ್ನು ಕಾಕಾ ಹಗಲೆಲ್ಲ ಕೂತು ಮಡಚುತ್ತಿದ್ದರು.

ಅನಸವ್ವ ಸಾಲಿನಲ್ಲಿ ನಿಂತರು. ತಮ್ಮ ಸರದಿ ಬಂದಾಗ ಸೆರಗು ಒಡ್ಡಲಿಲ್ಲ.

"ಕಾಕಾ, ಹಬ್ಬದಾಗ ಪಲ್ಲಕ್ಕಿ ಮ್ಯಾಲ ಎಲ್ಲಾರೂ ಭಂಡಾರ ಹಾರಸ್ತಾರಲ್ಲ, ಅದು ಚೆಲ್ಲಿದಂಗ ಅಲ್ಲೇನ?"

"ಅದು ದೇವರ ಮ್ಯಾಲ ಬೀಳತೈತಿ ಬೇ. ಅದಕ್ಕೂ ಇದಕ್ಕೂ ಹೋಲಸ್ತಾರೇನ?"

"ದೇವರ ಮ್ಯಾಲ ಬಿದ್ರ ನಡೀತೈತಿ, ಭಕ್ತರ ಮ್ಯಾಲ ಬಿದ್ರ ನಡ್ಯಾಂಗಿಲ್ಲ. ಛಲೋ ಐತಿ ನಿನ್ನ ಲೆಕ್ಕ."

ಹಿಂದೆ ನಿಂತವರು ಕಿಸಕ್ಕೆಂದರು. ಅನಸವ್ವ ತಮ್ಮ ಬಲಗೈ ಚಾಚಿ, ತೊಡೆಯ ಚರ್ಮದ ಆ ಅಂಗೈಯನ್ನು ಕಾಕಾನ ಕಣ್ಣೆದುರು ಹಿಡಿದರು. ದನಿಯಲ್ಲಿ ನಗು ಹಾಗೇ ಇತ್ತು.

"ಚೆಲ್ಲಬಾರದು ಅಂತ ನೀ ಮುಚ್ಚಿ ಕಟ್ಟಿದಿ. ನಾ ಇಪ್ಪತ್ಮೂರು ವರ್ಷ ಹಿಡ್ಕೊಂಡ ಕುಂತೆ. ಬಿಚ್ಚಿ ನೋಡಿದ್ರ ಒಳಗ ಭಂಡಾರ ಇರಲಿಲ್ಲ ಕಾಕಾ. ಅದು ಯಾವಾಗೋ ಹೋಗಿತ್ತು. ಬರೇ ಮುಷ್ಟಿ ಇತ್ತು."

ಸಾಬಣ್ಣ ಮುಷ್ಟಿಯಲ್ಲಿದ್ದ ಭಂಡಾರವನ್ನು ಮೆಲ್ಲಗೆ ಚೀಲಕ್ಕೆ ಮರಳಿಸಿದರು. ಆಮೇಲೆ ಅಂಗೈಯನ್ನು ಬಿಚ್ಚಿ, ಚೀಲದ ಬಾಯಲ್ಲಿ ಮೆಲುವಾಗಿ ಒತ್ತಿ, ಎತ್ತಿದರು. ಅರಿಶಿನ ಹತ್ತಿದ ಆ ಕೈಯನ್ನು ಹಾಗೇ ತಂದು ಅಣ್ಣನ ಮಗಳ ಹಣೆಯ ಮೇಲೆ ಇಟ್ಟರು. ಕಿರುಬೆರಳು ನೆಟ್ಟಗಾಗಲು ಒದ್ದಾಡುತ್ತಿತ್ತು. "ಇನ್ನೂ ಒತ್ತು" ಎಂದರು ಅನಸವ್ವ. ಒತ್ತಿದರು. "ಬೆರಳಿನ ತುದಿ ಹತ್ತವಲ್ದು, ಇನ್ನೂ." ಮತ್ತೆ ಒತ್ತಿದರು. ಒಂದಿಷ್ಟು ಪುಡಿ ಮೂಗಿನ ಮೇಲಿಂದ ಜಾರಿ ನೆಲಕ್ಕೆ ಬಿತ್ತು. ಮುಂದಿನವರು ತಾವಾಗಿಯೇ ಹಣೆ ಮುಂದೆ ಮಾಡಿದರು.

ಅಂದಿನಿಂದ ಚಿಮ್ಮಡದಲ್ಲಿ ಭಂಡಾರ ಹಣೆಗೆ ಬರುತ್ತಿದೆ, ಬಿಚ್ಚಿದ ಅಂಗೈಯಿಂದ. ಇನ್ನೂರು ಹಣೆ, ಇನ್ನೂರು ಸಲ ನೆಟ್ಟಗಾಗುವ ಬೆರಳು. ಭಕ್ತರೆಲ್ಲ ಮುಖದ ತುಂಬ ಹಳದಿ ಮಾಡಿಕೊಂಡು ಬಸ್ಸು ಹತ್ತುವುದನ್ನು ನೋಡಿ ಮೊದಲ ವಾರ ಕಂಡಕ್ಟರು ಇವತ್ತೇನು ಹಬ್ಬವೆಂದು ಕೇಳಿದ್ದುಂಟು. ಡಾ. ಸೋಮಲಿಂಗ ಕಥೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇಂಥಾ ವ್ಯಾಯಾಮ ನಮ್ಮ ಪುಸ್ತಕದಾಗ ಎಲ್ಲೂ ಇಲ್ರಿ. ಬರೀಬೇಕಾತು."

ವೈದ್ಯರು ಹೇಳಿದ ತಿಂಗಳು ಮುಗಿಯುವ ಶನಿವಾರ ಹಿತ್ತಲಿನಲ್ಲಿ ಬೆಂಚಿನವರೆಲ್ಲ ಬೋಗುಣಿ ಬಿಟ್ಟು ಎದ್ದು ನಿಂತಿದ್ದರು. ಅನಸವ್ವ ಹಾಳೆ ಹಾಸಿದರು. ಸಾಬಣ್ಣ ಕೈ ಅದ್ದಿ, ಕಣ್ಣು ಮುಚ್ಚಿ, ಒತ್ತಿದರು. ಕೈ ಎತ್ತಿದಾಗ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಐದಕ್ಕೆ ಐದೂ ಹಳದಿ. ವೈದ್ಯರು ಒಮ್ಮೆ ನೋಡಿ, ಇನ್ನು ಕೊಯ್ಯುವುದೇನೂ ಇಲ್ಲ ಎಂದು ಹೇಳಿ ಒಳಗೆ ಹೋದರು.

"ಕತ್ತರಿ ಹಿಡೀಬಹುದೇನ ಇನ್ನ?" ಸಾಬಣ್ಣ ಕೇಳಿದರು.

"ಹಿಡಿ. ಆದ್ರ ಮೊದಲ ಬಡಕಲ ಕುರಿ ನೋಡಿ ಕತ್ತರಸು. ಟಗರಿನ ಕೂಡ ಗುದ್ದಾಡಿ ಮತ್ತ ನನ್ನ ಬೆಂಚಿಗೆ ಬಂದು ಕೂಡಬ್ಯಾಡ."

ಬೆಲ್ಲದ ಗಾಣಗಳು ಹೂಡುವ ಕಾಲ ಬಂದಿದೆ. ಈ ದಿನಗಳಲ್ಲಿ ಅನಸವ್ವ ಮನಸ್ಸಿನಲ್ಲೇ ಬೆಂಚಿನ ಜಾಗ ಅಳೆಯುತ್ತಿರುತ್ತಾರೆ, ಈ ಸಲ ಎಷ್ಟು ಮುಷ್ಟಿ ಬರುತ್ತವೋ ಎಂದು. ನಿಮಗೇನು ಬೇಕು ಎಂದು ಕೇಳಿದರೆ ತುಸು ಯೋಚಿಸಿ ಹೇಳುತ್ತಾರೆ: "ಈ ಸುಗ್ಗ್ಯಾಗ ಒಂದ ಕಟ್ಟಿದ ಮುಷ್ಟೀನೂ ನನ್ನ ಕಡೆ ಬರಬಾರದ್ರಿ. ಸುಟ್ಟ ಕೈ ಬರಲಿ, ಅದು ತಪ್ಪೂದಲ್ಲ. ಆದ್ರ ತಣ್ಣೀರಾಗ ಅದ್ದಿ, ಬೆರಳು ಬಿಚ್ಚಿಟ್ಕೊಂಡು, ಅವತ್ತ ಬರಲಿ. ಗಾಣಗಾಣಕ್ಕ ಹೋಗಿ ಹೇಳಬೇಕಂತೇನಿ. ಆದ್ರ ಆಯಾ ಮಾತು ಯಾರು ಕೇಳ್ತಾರ?"

ಈ ಮಾತಿಗೆ ಉತ್ತರ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ರುಕ್ಮವ್ವನ ಬಾಯಲ್ಲಿ ಬರುತ್ತದೆ. ಗಾಣ ಹೂಡುವ ಮುಂಚೆ ಕೆಲಸಗಾರರೆಲ್ಲ ಬೀರೇಶ್ವರನ ಭಂಡಾರ ಹಚ್ಚಿಸಿಕೊಳ್ಳಲು ಹೋಗುವುದು ರೂಢಿ. ರುಕ್ಮವ್ವನೂ ತಮ್ಮ ತವರಿನವರ ಜೊತೆ ಚಿಮ್ಮಡಕ್ಕೆ ಹೋಗಿದ್ದರು. ಬೋಗುಣಿಗೆ ಕೈ ಇಳಿಬಿಡುತ್ತಲೇ ಶುರು ಮಾಡುತ್ತಾರೆ.

"ನಿಮ್ಮ ಕಾಕಾ ನಿನ್ನೆ ಕಟ್ಟಿ ಮ್ಯಾಲ ನಿಂತ ಏನಂದ ಗೊತ್ತೇನ? 'ಕೈ ಸುಟ್ರ ತಣ್ಣೀರಾಗ ಇಡ್ರಿ. ಭಂಡಾರ ಹಣಿಗೆ, ಕೈಗೆ ಅಲ್ಲ. ಮುಷ್ಟಿ ಕಟ್ಟಿದವ್ರು ನನ್ನ ಗುಡಿ ಮೆಟ್ಟಲಾ ಹತ್ತಬ್ಯಾಡ್ರಿ. ನಾ ಒಮ್ಮೆ ಕಟ್ಟೇನಿ, ಅದು ತಪ್ಪಾತು' ಅಂದ. ಎಲ್ಲಾರ ಮುಂದ."

ಅನಸವ್ವ ಯಾರದೋ ಬೆರಳು ಎಳೆಯುತ್ತಿದ್ದವರು ಹಾಗೇ ಹಿಡಿದು ನಿಲ್ಲುತ್ತಾರೆ. ರುಕ್ಮವ್ವ ಮುಂದುವರಿಸುತ್ತಾರೆ.

"ಗಾಣದ ಹುಲೆಪ್ಪ ಸುಮ್ಮನಿರತಾನೇನ? 'ಪೂಜಾರಿ, ಇದನ್ನ ದೇವರು ಹೇಳ್ಯಾನೇನ?' ಅಂತ ಕೇಳಿದ. ಅದಕ್ಕ ನಿಮ್ಮ ಕಾಕಾ, 'ದೇವರಲ್ಲೋ, ನಮ್ಮ ಅನಸವ್ವ ಹೇಳ್ಯಾಳ. ದೇವರಿಗೂ ಆಕೀನ ಹೇಳ್ಯಾಳ' ಅಂದ."

ಬೆಂಚು ಇಡೀ ಮತ್ತೆ ನಗುತ್ತದೆ. ಅನಸವ್ವ ಹಂಡೆಯ ಕಡೆಗೆ ತಿರುಗಿ, ತಂಬಿಗೆ ಅದ್ದಿ, ಸೆರಗಿನ ತುದಿಯಿಂದ ಕಣ್ಣಿಗೆ ಹೊಕ್ಕ ಹೊಗೆ ಒರೆಸಿಕೊಂಡು, ಮತ್ತೆ ಸಾಲಿನ ಕಡೆಗೆ ಬರುತ್ತಾರೆ.

"ಕೈ ಅಷ್ಟ ಬಿಚ್ಚೇತಿ ಅನಕೊಂಡಿದ್ದೆ" ಎನ್ನುತ್ತಾರೆ. "ನಮ್ಮ ಕಾಕಾನ ಬಾಯೀನೂ ಬಿಚ್ಚೇತಿ ಬಿಡ್ರಿ."